ಮನೆಯಲ್ಲೇ ಸುತ್ತಿದ ವೆಲ್ಡಿಂಗ್ ಮಷಿನ್: ಐದು ಮಳೆಗಾಲ ಕಳೆದ ಮೇಲೆ

ಕುಮಟಾ ಹತ್ತಿರ, ಅಘನಾಶಿನಿ ದಂಡೆಯ ಊರು ನಮ್ಮದು. ಇಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಮ್ಮಿ. ದೀಪಾವಳಿಗೆ ಬಣ್ಣ ಹೊಡೆದ ಗೇಟು ಮುಂದಿನ ಚೌತಿಯೊಳಗೆ ಗುಳ್ಳೆ ಎದ್ದಿರುತ್ತದೆ. ಉಪ್ಪುಗಾಳಿ ಒಳಗೊಳಗೇ ತಿನ್ನುತ್ತದೆ. ಕೊಟ್ಟಿಗೆಯ ಸರಳು, ಬಾವಿಯ ರಾಟೆಯ ಕಂಬ, ತೋಟದ ಏಣಿ, ಒಂದಲ್ಲ ಒಂದು ಮುರಿಯುತ್ತಲೇ ಇರುತ್ತದೆ. ಪ್ರತಿ ಸಲ ಗಾಡಿ ಮಾಡಿಕೊಂಡು ಪೇಟೆಗೆ ಹೊತ್ತು ಸಾಕಾಗಿತ್ತು. 2020ರ ಜನವರಿಯಲ್ಲಿ ನಾನೇ ಒಂದು ಮಷಿನ್ ಕಟ್ಟಿದೆ.

ನಾನು ಐಟಿಐ ಫಿಟ್ಟರ್. ಇಂಥ ಮಷಿನ್ ಅಂದರೆ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್. ಅದನ್ನು ಸುತ್ತುವ ಕೆಲಸ ನನಗೆ ಬರುತ್ತಿರಲಿಲ್ಲ. ಮೋಟಾರ್ ರಿವೈಂಡಿಂಗ್ ಮಾಡುವ ಗೆಳೆಯನ ಅಂಗಡಿಯಲ್ಲಿ ಮೂರು ಭಾನುವಾರ ಕುಳಿತೆ. ಅವನು ಪಕ್ಕದಲ್ಲಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಗುಜರಿಯಲ್ಲಿ ಸಿಕ್ಕ ಹಳೇ ಸ್ಟಾಂಪಿಂಗ್ (ಟ್ರಾನ್ಸ್‌ಫಾರ್ಮರಿನ ತೆಳು ಕಬ್ಬಿಣದ ತಗಡು) ಜೋಡಿಸಿದಾಗ ಕೋರಿನ, ಅಂದರೆ ತಂತಿ ಸುತ್ತುವ ಕಬ್ಬಿಣದ ತಿರುಳಿನ, ಅಡ್ಡಳತೆ ಸುಮಾರು 45 ಚದರ ಸೆಂಟಿಮೀಟರ್ ಬಂತು. ಇಷ್ಟು ದಪ್ಪದ ಕೋರಿಗೆ ಲೆಕ್ಕ ತುಂಬಾ ಸುಲಭ. ವೋಲ್ಟಿಗೆ ಒಂದು ಸುತ್ತು. 230 ವೋಲ್ಟಿಗೆ 230 ಸುತ್ತು, ವೆಲ್ಡಿಂಗ್ ರಾಡಿನ ಕಡೆಗೆ ದಪ್ಪ ತಾಮ್ರದ 60 ಸುತ್ತು. ಮೊದಲ ಸುರುಳಿಯನ್ನು 270ರವರೆಗೆ ಮುಂದುವರಿಸಿ, 250ರಲ್ಲೂ 270ರಲ್ಲೂ ತಂತಿ ಹೊರಗೆ ತೆಗೆದೆವು. ಸುತ್ತು ಜಾಸ್ತಿ ಆದಷ್ಟೂ ರಾಡಿಗೆ ಹೋಗುವ ಕರೆಂಟು ಕಮ್ಮಿ. ಕ್ಲಾಂಪ್ ಮೀಟರಿನಲ್ಲಿ ನೋಡಿದರೆ ಸುಮಾರು 110, 90, 70 ಆಂಪಿಯರ್.

ಎರಡು ಸುರುಳಿಗಳನ್ನೂ ಕೋರಿನ ಬೇರೆ ಬೇರೆ ಕಾಲಿಗೆ ಹಾಕಿದ್ದಕ್ಕೆ ಕಾರಣ ಇದೆ. ಒಂದರ ಮೇಲೊಂದು ಸುತ್ತಿದರೆ ರಾಡು ಕಬ್ಬಿಣಕ್ಕೆ ತಾಗಿದ ಕೂಡಲೇ ಕರೆಂಟು ಮಿತಿಮೀರಿ ಏರುತ್ತದೆ. ದೂರ ಇಟ್ಟರೆ ಸ್ವಲ್ಪ ಕಾಂತಕ್ಷೇತ್ರ ಸೋರಿಹೋಗಿ ಮಷಿನ್ ತಾನೇ ತಗ್ಗುತ್ತದೆ. ಖಾಲಿ ಇದ್ದಾಗ 60 ವೋಲ್ಟ್, ಕಿಡಿ ಹತ್ತಿದ ಮೇಲೆ 24ರ ಹತ್ತಿರ. ಹಾಗಾಗಿ ಕಿಡಿ ಬಿಗಿಯಾಗಿ ನಿಲ್ಲುತ್ತದೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ತಾಮ್ರವೇ ಒಂಬತ್ತು ಕಿಲೋ ಹಿಡಿಯಿತು. ಕೇಬಲ್, ರಾಡು ಹಿಡಿಯುವ ಹೋಲ್ಡರ್, ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪ್, ವಾರ್ನಿಷ್ ಎಲ್ಲ ಸೇರಿ 9,400 ರೂಪಾಯಿ ಆಯಿತು. ಅಷ್ಟೇ ದುಡ್ಡಿಗೆ ಕೈಯಲ್ಲಿ ಹಿಡಿದು ಓಡಾಡುವ ಇನ್ವರ್ಟರ್ ವೆಲ್ಡಿಂಗ್ ಮಷಿನ್ (ಎಲೆಕ್ಟ್ರಾನಿಕ್ ನಮೂನೆಯದು) ಬರುತ್ತದೆ. ನನ್ನದು 40 ಕಿಲೋ. ದುಡ್ಡು ಉಳಿಸಲು ಇದನ್ನು ಕಟ್ಟಬೇಡಿ, ಉಳಿಯುವುದಿಲ್ಲ. ಮೇಲಿಂದ ಮನೆಯ ವೈರಿಂಗ್ ಖರ್ಚು ಬೇರೆ. 110ರಲ್ಲಿ ಇಟ್ಟರೆ ಇದು ಗೋಡೆಯಿಂದ 28–29 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ ಸುಟ್ಟುಹೋಗುತ್ತದೆ. ಮನೆಯ ಲೋಡ್ ಮಂಜೂರಾತಿ ಹೆಚ್ಚಿಸಿಕೊಂಡು, ಮೀಟರಿನಿಂದ ನೇರ ದಪ್ಪ ಕೇಬಲ್ ಎಳೆಸಿ, 32 ಆಂಪಿಯರ್ ಎಂಸಿಬಿ ಹಾಕಿಸಿದೆ. ಆದರೂ ಕಿಡಿ ಹತ್ತಿದಾಗ ಅಡುಗೆಮನೆಯ ಬಲ್ಬು ಒಂದು ಸಲ ಬಾಡುತ್ತದೆ.

ಹಾಗಾದರೆ ಐದು ವರ್ಷ ಯಾಕೆ ಇಟ್ಟುಕೊಂಡಿದ್ದೇನೆ? ಅದರ ಬೆಳಗಿನ ಕೆಲಸಕ್ಕಾಗಿ.

ವೆಲ್ಡಿಂಗ್ ಇರುವ ಹಿಂದಿನ ರಾತ್ರಿ ಬೇಕಾದಷ್ಟು ರಾಡು ಎಣಿಸಿ ಇಡುತ್ತೇನೆ. ಮನೆ ಕೆಲಸಕ್ಕೆ 12 ನಂಬರ್, ಅಂದರೆ ಎರಡೂವರೆ ಮಿಲಿಮೀಟರಿನದು. ರಾಡಿನ ಮೇಲಿನ ಮಸಾಲೆ ನಮ್ಮ ಹವೆಯಲ್ಲಿ ನೀರು ಹೀರುತ್ತದೆ. ಹಪ್ಪಳ ಮೆತ್ತಗಾದ ಹಾಗೆ. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು ಬಚ್ಚಲ ಒಲೆಯ ಬೆಂಕಿ ಕೆಂಡವಾಗುವ ಹೊತ್ತಿಗೆ ಒಂದು ಹಳೇ ತಗಡಿನ ಡಬ್ಬಿಯಲ್ಲಿ ರಾಡು ಹಾಕಿ ಹಂಡೆಯ ಪಕ್ಕ ಬಿಸಿಗೆ ಇಡುತ್ತೇನೆ. ಬೆಂಕಿಗೆ ತಾಗಬಾರದು, ಡಬ್ಬಿ ಮಾತ್ರ ಕಾಯಬೇಕು. ಸಾದಾ 6013 ನಮೂನೆಯ ರಾಡಿಗೆ ನೂರು ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಸಾಕು. ಅಷ್ಟರಲ್ಲಿ ನನ್ನ ದೋಸೆ, ಚಹಾ ಮುಗಿಯುತ್ತದೆ. ಒಣಗಿದ ರಾಡು ಹಿಡಿದರೆ ಗೊತ್ತಾಗುತ್ತದೆ. ಎರಡು ರಾಡು ತಾಗಿಸಿದರೆ ಟಿಣ್ ಅನ್ನುತ್ತದೆ. ಒದ್ದೆಯದು ಮಂಕಾಗಿ ಟಪ್ ಅನ್ನುತ್ತದೆ. ಹಾಗೇ ಉರಿಸಿದರೆ ಚಟಚಟ ಸಿಡಿದು, ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಆ ತೂತಿನಿಂದಲೇ ಮುಂದಿನ ವರ್ಷದ ತುಕ್ಕು ಶುರು. (ಗಟ್ಟಿ ಕೆಲಸದ 7018 ರಾಡಿಗೆ ಬಚ್ಚಲ ಒಲೆ ಸಾಲದು. ಅದಕ್ಕೆ 300 ಡಿಗ್ರಿ ಮೇಲಿನ ಓವನ್ ಬೇಕು. 60 ವೋಲ್ಟಿನ ನನ್ನ ಮಷಿನಿನಲ್ಲಿ ಅದರ ಕಿಡಿ ನಿಲ್ಲುವುದೂ ಇಲ್ಲ.)

ಆಮೇಲೆ ಸ್ವಿಚ್. ಸಣ್ಣಗೆ ಒಂದು ಗುಂಯ್ ಸದ್ದು ಬರುತ್ತದೆ. ಜೇನುಪೆಟ್ಟಿಗೆಗೆ ಕಿವಿ ಇಟ್ಟ ಹಾಗೆ. ಅರ್ಥ್ ಕ್ಲಾಂಪ್ ಹಾಕುವ ಜಾಗ ಬೆಳ್ಳಗಾಗುವವರೆಗೆ ತಿಕ್ಕಬೇಕು. ರಾಡು ಗೀರಿದಾಗ ಸದ್ದು ಒಂದೇ ಸಮನೆ, ತಗಡಿನ ಮಾಡಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಬಂದರೆ ಎಲ್ಲ ಸರಿ ಇದೆ ಅಂತ. ಅಳತೆ ಹೊಂದಿದ ದಿನ ಸ್ಲ್ಯಾಗ್, ಅಂದರೆ ಬೆಸುಗೆಯ ಮೇಲೆ ಗಟ್ಟಿಯಾಗುವ ಮಸಾಲೆಯ ಪದರ, ತಾನಾಗಿಯೇ ಏಳುತ್ತದೆ. ಸುಟ್ಟ ಹಲಸಿನ ಬೀಜದ ಸಿಪ್ಪೆ ಬಿಡುತ್ತದಲ್ಲ, ಹಾಗೆಯೇ. ಒಳಗಿಂದ ಬೆಳ್ಳಿಯಂಥ ಗೆರೆ ಕಾಣುತ್ತದೆ. ಅದನ್ನು ನೋಡುವ ಖುಷಿ ಐದು ವರ್ಷವಾದರೂ ಹಳತಾಗಿಲ್ಲ.

ಇಲ್ಲಿಯವರೆಗೆ ಓದಿ ನಾನೂ ಒಂದು ಕಟ್ಟುತ್ತೇನೆ ಅಂತ ಎದ್ದವರು ಸ್ವಲ್ಪ ಕೂತುಕೊಳ್ಳಿ.

2022ರ ಆರಿದ್ರಾ ಮಳೆ. ಕೊಟ್ಟಿಗೆಯ ಗೇಟಿನ ಕೀಲು ಕಿತ್ತು ದನ ಹೊರಗೆ ಹೋಗುತ್ತಿತ್ತು. ಮಳೆ ನಿಂತ ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ ಅಂತ ಹೊರಟೆ. ಚಿರೆಕಲ್ಲಿನ ನೆಲ ಒದ್ದೆ. ನನ್ನ ಪ್ಯಾಂಟು ಒದ್ದೆ. ಮೊಣಕಾಲು ಗೇಟಿಗೆ ಆನಿಸಿಕೊಂಡು ಕುಳಿತಿದ್ದೆ. ರಾಡು ಮುಗಿಯಿತು. ಬಲಗೈ ಗ್ಲೌಸ್ ತೆಗೆದು, ಬೆವರಿದ ಬರಿಗೈಯಲ್ಲಿ ಹೊಸ ರಾಡು ಸಿಕ್ಕಿಸಲು ಹೋದೆ. ಕೈ ಮುಚ್ಚಿಕೊಂಡಿತು. ಬಿಡಲು ಆಗಲಿಲ್ಲ. ಕೂಗಲೂ ಆಗಲಿಲ್ಲ. ಜಗಲಿಯಲ್ಲಿದ್ದ ಹೆಂಡತಿ ನನ್ನ ಮುಖ ನೋಡಿದ್ದೇ ಓಡಿ ಸ್ವಿಚ್ ಇಳಿಸಿದಳು. ಮಷಿನ್ ತಂದ ದಿನವೇ ಅವಳಿಗೆ ಹೇಳಿದ್ದೆ: ಏನೇ ಆದರೂ ನನ್ನನ್ನು ಮುಟ್ಟಬೇಡ, ಮೊದಲು ಸ್ವಿಚ್. ಅದು ಅವಳಿಗೆ ನೆನಪಿತ್ತು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

60 ವೋಲ್ಟ್ ಅಲ್ವಾ, ಏನಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಒದ್ದೆಯಾದ ಮೈಯ ಪ್ರತಿರೋಧ ಸುಮಾರು 1000 ಓಮ್‌ಗೆ ಇಳಿಯುತ್ತದೆ. 60 ವೋಲ್ಟಿಗೆ 60 ಮಿಲಿಆಂಪಿಯರ್. ಹತ್ತು ಹದಿನೈದು ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಲು ಬರುವುದಿಲ್ಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇತ್ತು, ಅದು ಬೀಳಲಿಲ್ಲ. ಬೀಳುವುದೂ ಇಲ್ಲ. ಟ್ರಾನ್ಸ್‌ಫಾರ್ಮರಿನ ಆಚೆಗಿನ ಸುರುಳಿಯಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. ಮರುದಿನ ಡಾಕ್ಟರ ಹತ್ತಿರ ಹೋಗಿ ಇಸಿಜಿ ತೆಗೆಸಿದೆ. ಅದೇ ದಿನ ಹೋಗಬೇಕಿತ್ತು.

ನನ್ನ ಮಷಿನಿನ ದೊಡ್ಡ ದೋಷ ಇದೇ. ಸ್ವಿಚ್ ಹಾಕಿದ ಕ್ಷಣದಿಂದ ಹೋಲ್ಡರಿನಲ್ಲಿ 60 ವೋಲ್ಟ್ ನಿಂತೇ ಇರುತ್ತದೆ, ಕೆಲಸ ಇರಲಿ ಬಿಡಲಿ. ಕೆಲವು ಇನ್ವರ್ಟರ್ ಮಷಿನ್‌ಗಳಲ್ಲಿ ವಿಆರ್‌ಡಿ ಅನ್ನುವ ವ್ಯವಸ್ಥೆ ಬರುತ್ತದೆ. ಕಿಡಿ ಇಲ್ಲದಾಗ ವೋಲ್ಟೇಜ್ ತಾನೇ ಇಳಿಯುತ್ತದೆ. ನನ್ನ ಕಬ್ಬಿಣದ ಗಡ್ಡೆಗೆ ಆ ಬುದ್ಧಿ ಇಲ್ಲ. ಆರು ತಿಂಗಳು ಮಳೆ, ಬೆವರು, ತೇವ ಇರುವ ಕರಾವಳಿಗೆ ಇದು ಸಣ್ಣ ದೋಷವಲ್ಲ.

ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಗುಜರಿಗೆ ಹಾಕುವ ಮನಸ್ಸೂ ಬಂದಿತ್ತು. ಕಡೆಗೆ ಗೆಳೆಯನೇ ಬಂದು ಗೋಡೆಯ ಕಡೆಯ ಲೈನಿಗೆ ಒಂದು ಕಾಂಟ್ಯಾಕ್ಟರ್ (ಸಣ್ಣ ಕರೆಂಟಿನಿಂದ ದೊಡ್ಡ ಲೈನನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ, ಕಾಲಿನಲ್ಲಿ ಒತ್ತುವ ಪೆಡಲ್ ಕೊಟ್ಟ. ಪೆಡಲಿಗೆ ಬರುವುದು 24 ವೋಲ್ಟ್ ಮಾತ್ರ. ಒತ್ತಿದರೆ ಮಷಿನ್ ಗುಂಯ್ ಅನ್ನುತ್ತದೆ, ಕಾಲೆತ್ತಿದರೆ ಹೋಲ್ಡರ್ ಸತ್ತಹಾಗೆ. ರಾಡು ಬದಲಿಸುವಾಗ ಕಾಲೆತ್ತುವುದು ಈಗ ಅಭ್ಯಾಸ ಆಗಿದೆ. ಕುಳಿತುಕೊಳ್ಳಲು ಒಣ ಹಲಗೆ, ಅದರ ಮೇಲೆ ರಬ್ಬರ್ ಮ್ಯಾಟ್. ಎರಡು ಜೊತೆ ಚರ್ಮದ ಗ್ಲೌಸ್: ಒಂದು ಬೆವರಿನಲ್ಲಿ ನೆಂದರೆ ಇನ್ನೊಂದು. ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವವರನ್ನು, ಕೇಬಲ್ ಹೆಗಲಿಗೆ ಸುತ್ತಿಕೊಳ್ಳುವವರನ್ನು ನೋಡಿದರೆ ಈಗ ನನಗೆ ಎದೆ ಝಲ್ ಅನ್ನುತ್ತದೆ. ಮತ್ತೆ ಮೃಗಶಿರಾದಿಂದ ಸ್ವಾತಿ ಮುಗಿಯುವವರೆಗೆ ಮಷಿನ್ ಪೂರಾ ಬಂದ್. ಅಷ್ಟು ದಿನ ಮುರಿದದ್ದನ್ನು ತಂತಿ ಕಟ್ಟಿ ಇಡುತ್ತೇನೆ, ಇಲ್ಲವೇ ಪೇಟೆಗೆ ಒಯ್ಯುತ್ತೇನೆ.

ಮೊಬೈಲಿನಲ್ಲಿ ನೋಡಿ ಹುಡುಗರು ಎರಡು ರೀತಿಯ ಮಷಿನ್ ಕೇಳಿಕೊಂಡು ಬರುತ್ತಾರೆ. ಒಂದು, ಉಪ್ಪುನೀರಿನ ಬಕೆಟ್ಟಿನಲ್ಲಿ ಎರಡು ತಗಡು ಮುಳುಗಿಸಿ ಮನೆಯ ಕರೆಂಟನ್ನೇ ರಾಡಿಗೆ ಕೊಡುವುದು. ದಯವಿಟ್ಟು ಬೇಡ. ಅಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ರಾಡಿನ ತುದಿಯಲ್ಲಿ ನಿಂತಿರುವುದು ಕಂಬದಿಂದ ಬಂದ 230 ವೋಲ್ಟ್. ಇನ್ನೊಂದು, ಹಳೇ ಮೈಕ್ರೋವೇವ್ ಓವನ್ ಬಿಚ್ಚುವುದು. ಅದರ ಟ್ರಾನ್ಸ್‌ಫಾರ್ಮರ್ 2000 ವೋಲ್ಟ್ ಸುಮಾರಿನದು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು. ನನಗೆ ಬಿದ್ದ 60 ವೋಲ್ಟಿನ ಕಥೆ ಹೇಳಿ ಅವರನ್ನು ವಾಪಸ್ ಕಳಿಸುತ್ತೇನೆ.

ಕಣ್ಣಿನ ಪಾಠ ಅದಕ್ಕಿಂತ ಮೊದಲೇ ಆಗಿತ್ತು. ಮೊದಲ ವಾರದಲ್ಲಿ, ಒಂದೇ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಅಲ್ವಾ ಅಂತ ಕಣ್ಣು ಕಿರಿದು ಮಾಡಿ ನಾಲ್ಕೈದು ಟ್ಯಾಕ್ ಹಾಕಿದೆ. ಸಂಜೆಯವರೆಗೂ ಏನೂ ಇಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಲ್ಲಿ ಹೊಯಿಗೆ ಸುರಿದಂತೆ ಉರಿ, ನೀರು. ಬಿಸಿಲಿಗೆ ಚರ್ಮ ಸುಟ್ಟ ಹಾಗೆ, ಕಿಡಿಯ ಬೆಳಕಿಗೆ ಕಣ್ಣಿನ ಮೇಲ್ಪದರ ಸುಟ್ಟದ್ದು ಅದು. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೇ ಎದ್ದುಬರುತ್ತದೆ. ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಆಲೂಗಡ್ಡೆ ಚೂರು, ಎದೆಹಾಲು ಅಂತ ಎಲ್ಲರೂ ಹೇಳಿದರು. ಸುಲಿದ ಕಣ್ಣಿಗೆ ಅವನ್ನೆಲ್ಲ ಹಾಕಿದರೆ ಸೋಂಕಾಗಬಹುದು. ಕಣ್ಣಿನ ಡಾಕ್ಟರಿಗೆ ತೋರಿಸಿ. ಮರಗಟ್ಟಿಸುವ ಡ್ರಾಪ್ಸ್ ತಂದು ನಾವೇ ಹಾಕಿಕೊಳ್ಳುವುದೂ ತಪ್ಪು, ಗಾಯ ಮಾಯುವುದು ತಡವಾಗುತ್ತದೆ. ಈಗ ತಾನಾಗಿ ಕಪ್ಪಾಗುವ ಹೆಲ್ಮೆಟ್ ಇದೆ, 10ನೇ ಶೇಡಿಗೆ ಇಟ್ಟುಕೊಳ್ಳುತ್ತೇನೆ. ಜಗಲಿಯಲ್ಲಿ ಮಕ್ಕಳು ಕೂತಿರುತ್ತಾರೆ, ಅದಕ್ಕೆ ಆ ಕಡೆಗೆ ಎರಡು ತಗಡು ನಿಲ್ಲಿಸುತ್ತೇನೆ.

ಲುಂಗಿ, ಚಪ್ಪಲಿ, ನೈಲಾನ್ ಟೀಶರ್ಟ್ ಬೇಡವೇ ಬೇಡ. ನೈಲಾನ್ ಕರಗಿ ಮೈಗೆ ಅಂಟುತ್ತದೆ. ಹತ್ತಿಯ ಪೂರ್ತಿ ತೋಳಿನ ಅಂಗಿ, ಕೆಳಗೆ ಮಡಚದ ಪ್ಯಾಂಟು, ಮುಚ್ಚಿದ ಶೂ. ಜಿಐ ಪೈಪ್ ಆದರೆ ಮೇಲಿನ ಸತುವನ್ನು ಮೊದಲು ಗ್ರೈಂಡರಿನಲ್ಲಿ ತೆಗೆದು, ಬಯಲಲ್ಲಿ, ಗಾಳಿಯ ಕಡೆಗೆ ಬೆನ್ನು ಕೊಡದೆ ಗಾಳಿ ಪಕ್ಕದಿಂದ ಬರುವಂತೆ ಕೂರಬೇಕು. ಒಮ್ಮೆ ತೆಗೆಯದೆ ಮಾಡಿ ಸಂಜೆ ಚಳಿಜ್ವರ ಬಂದಿತ್ತು. ಆ ಹೊಗೆಗೆ ಹಾಲು ಮದ್ದಲ್ಲ. ಮುಚ್ಚಿದ ಡ್ರಮ್ಮು, ಪೆಟ್ರೋಲ್ ಟ್ಯಾಂಕ್ ಯಾರೇ ತಂದರೂ ಮುಟ್ಟುವುದಿಲ್ಲ, ಎಷ್ಟೇ ತೊಳೆದಿದ್ದೇವೆ ಅಂದರೂ.

ಬೆಂಕಿಯ ಬಗ್ಗೆ ನಮ್ಮ ಊರಿನವರಿಗೆ ಒಂದು ಮಾತು. ನಮ್ಮ ಅಂಗಳದಲ್ಲಿ ತೆಂಗಿನ ಸಿಪ್ಪೆಯ ರಾಶಿ ಇರುತ್ತದೆ. ಅದಕ್ಕೆ ಕಿಡಿ ಬಿದ್ದರೆ ಆಗಲೇ ಉರಿಯುವುದಿಲ್ಲ. ಒಳಗೇ ಕನಲುತ್ತದೆ. ಒಮ್ಮೆ ಎಲ್ಲ ಎತ್ತಿಟ್ಟು ಊಟಕ್ಕೆ ಕೂತ ಮೇಲೆ ಹೊಗೆ ಬಂತು. ಕೊಟ್ಟಿಗೆಯ ಹುಲ್ಲು ಮೂರು ಮಾರು ದೂರ ಇತ್ತು. ಈಗ ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಸುತ್ತಾಡಿಕೊಂಡಿರುತ್ತೇನೆ. ನೀರು, ಹೊಯಿಗೆ ಎರಡೂ ಪಕ್ಕದಲ್ಲಿರುತ್ತವೆ. ಆದರೆ ಮಷಿನ್ ಬಂದ್ ಮಾಡದೆ ನೀರು ಮುಟ್ಟುವುದಿಲ್ಲ.

ಮಳೆಗಾಲದಲ್ಲಿ ಮಷಿನಿನ ಮೇಲೆ ಗೋಣಿ ಹೊದೆಸುವುದಿಲ್ಲ, ಗೋಣಿ ತೇವ ಹಿಡಿಯುತ್ತದೆ. ಮರದ ಪೆಟ್ಟಿಗೆ ಮುಚ್ಚಿ, ಒಳಗೆ ಸುರುಳಿಗೆ ತಾಗದಂತೆ 40 ವ್ಯಾಟಿನ ಹಳೇ ಬಲ್ಬು ಹಾಕಿದ್ದೇನೆ. ಅದರ ಕಾವಿಗೆ ಸುರುಳಿ ಒಣಗಿರುತ್ತದೆ. ಆಯುಧಪೂಜೆಗೆ ಪೆಟ್ಟಿಗೆ ತೆರೆದು ಕುಂಕುಮ ಹಚ್ಚಿ, ಹೂ ಇಟ್ಟು ಮತ್ತೆ ಮುಚ್ಚುತ್ತೇವೆ. ಆನ್ ಮಾಡುವುದು ಮೆಗ್ಗರ್ (ತೇವಕ್ಕೆ ಕರೆಂಟು ಸೋರುತ್ತದೆಯೇ ಅಂತ ಅಳೆಯುವ ಮೀಟರ್) ನೋಡಿದ ಮೇಲೆ. ಎರಡು ಸುರುಳಿಗಳ ನಡುವೆ, ಸುರುಳಿಗೂ ಕೋರಿಗೂ ನಡುವೆ 500 ವೋಲ್ಟಿನಲ್ಲಿ 5 ಮೆಗಾಓಮ್‌ಗಿಂತ ಕಮ್ಮಿ ತೋರಿಸಿದರೆ ಇನ್ನೂ ಎರಡು ದಿನ ಬಲ್ಬು.

ಬೇರೆಯವರು ಕೇಳಿದರೆ ಇನ್ವರ್ಟರೇ ತೆಗೆದುಕೊಳ್ಳಿ, ವಿಆರ್‌ಡಿ ಇದೆಯಾ ಕೇಳಿ ತೆಗೆದುಕೊಳ್ಳಿ ಅನ್ನುತ್ತೇನೆ. ಉಳಿದ ದುಡ್ಡಿಗೆ ಒಳ್ಳೆ ಹೆಲ್ಮೆಟ್ಟು, ಗ್ಲೌಸ್. ನನ್ನದನ್ನು ನಾನು ಮಾರುವುದಿಲ್ಲ.

2024ರ ಸ್ವಾತಿ ಮಳೆಯೂ ಮುಗಿಯಿತು. ನಿನ್ನೆ ಗೆಳೆಯ ಮೆಗ್ಗರ್ ತಂದಿದ್ದ. ಮೊದಲ ಸಲ 3 ಬಂತು. ಬಲ್ಬು ಆರಿಸಿಲ್ಲ. ನಾಡಿದ್ದು ಮತ್ತೆ ನೋಡುತ್ತೇವೆ. ಪಕ್ಕದ ಮನೆ ಅಣ್ಣ ತೋಟದ ಏಣಿ ತಂದು ಜಗಲಿಗೆ ಒರಗಿಸಿ ಹೋಗಿದ್ದಾರೆ, ಅವಸರ ಇಲ್ಲ ಅಂದಿದ್ದಾರೆ.