ಹತ್ತು ದಿನ ಮಾತಿಲ್ಲದೆ: ವಿಪಶ್ಯನ ಕೋರ್ಸ್ ಬಗ್ಗೆ ನನ್ನ ರಿವ್ಯೂ

ವಿಪಶ್ಯನ ಅನ್ನೋ ಧ್ಯಾನದ 10 ದಿನದ ಕೋರ್ಸ್ ಹೇಗಿರತ್ತೆ, ಹೋಗ್ಬಹುದಾ ಅಂತ ಸುಮಾರು ಜನ ಕೇಳ್ತಾನೇ ಇದ್ದಾರೆ, ಒಬ್ಬೊಬ್ರಿಗೂ ಬೇರೆ ಬೇರೆ ಮೆಸೇಜ್ ಹಾಕೋದಕ್ಕಿಂತ ಒಂದೇ ಸಲ ಪೂರ್ತಿ ಬರ್ದುಬಿಡ್ತೀನಿ. ಇದು ಧ್ಯಾನ ಗುರು ಎಸ್.ಎನ್. ಗೋಯೆಂಕಾ ಅವರ ಪರಂಪರೆಯಲ್ಲಿ ನಡೆಯೋ ಕೋರ್ಸ್. ಪ್ರಪಂಚದ ಯಾವ ಮೂಲೆಯ ಸೆಂಟರ್‌ಗೆ ಹೋದ್ರೂ ಟೈಮ್‌ಟೇಬಲ್ ಅದೇ, ನಿಯಮ ಅದೇ, ಹಾಲ್‌ನಲ್ಲಿ ಕೇಳ್ಸೋ ದನಿಯೂ ಅವರದೇ, ಹಾಗಾಗಿ ನಾನು ಯಾವ ಸೆಂಟರ್‌ಗೆ ಹೋಗಿದ್ದೆ, ರೂಮ್ ಹೇಗಿತ್ತು ಅನ್ನೋದನ್ನ ಬಿಟ್ಟು ಅಲ್ಲಿನ ಮೌನದ ಬಗ್ಗೆನೇ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ಕೋರ್ಸ್ ನಿಂತಿರೋದೇ ಅದರ ಮೇಲೆ.

ಒಂದು ವಿಷಯ ಮೊದಲೇ ಹೇಳ್ಬೇಕು. ಶಾಂತವಾಗಿ ರೆಸ್ಟ್ ತಗೊಂಡು ಬರೋಣ, ಮೈಂಡ್ ಫ್ರೆಶ್ ಆಗತ್ತೆ ಅಂತ ಹೋಗೋರಿಗೆ ಇದು ಸರಿ ಹೋಗಲ್ಲ. ಬಾಯಿ ಮುಚ್ಚಿದ ತಕ್ಷಣ ಶಾಂತಿ ಸಿಗತ್ತೆ ಅಂತ ಅಂದ್ಕೊಂಡಿರ್ತೀವಿ, ಆದ್ರೆ ಆಗೋದು ಅದಕ್ಕೆ ತದ್ವಿರುದ್ಧ, ಇಷ್ಟು ವರ್ಷ ಮಾತಿನ ಕೆಳಗೆ ಮುಚ್ಚಿಹೋಗಿದ್ದ ಒಳಗಿನ ಗಲಾಟೆ ಪೂರ್ತಿ ಕೇಳ್ಸೋಕೆ ಶುರುವಾಗತ್ತೆ. ಹಳೇ ಜಗಳ, ಯಾರೋ ಯಾವಾಗ್ಲೋ ಅಂದಿದ್ದ ಮಾತು, ಆಗ ಕೊಡ್ಬೇಕಿದ್ದ ಉತ್ತರ, ನಾಳೆಯ ಲೆಕ್ಕಾಚಾರ, ಅರ್ಧ ಮರೆತ ಸಿನಿಮಾ ಹಾಡು, ಎಲ್ಲಾ ಒಂದರ ಹಿಂದೆ ಒಂದು. ಇದನ್ನ ಕೇಳಿಸ್ಕೊಳ್ಳೋಕೆ ತಯಾರಿದ್ರೆ ಮಾತ್ರ ಮುಂದಕ್ಕೆ ಓದಿ.

ಅಲ್ಲಿ ಇದಕ್ಕೆ ಆರ್ಯ ಮೌನ ಅಂತಾರೆ. ಶುರುವಾಗೋ ಹಿಂದಿನ ದಿನ ಸಂಜೆಯಿಂದ ಹತ್ತನೇ ದಿನದ ಬೆಳಗಿನವರೆಗೂ ಜೊತೆಗಿರೋ ಸಾಧಕರ ಹತ್ರ ಮಾತಿಲ್ಲ, ಸನ್ನೆ ಇಲ್ಲ, ಚೀಟಿ ಬರ್ದು ಕೊಡೋ ಹಾಗಿಲ್ಲ. ಫೋನ್ ಹೋದ ದಿನವೇ ಸೆಂಟರ್‌ನವರ ಕೈಗೆ ಕೊಟ್ಟುಬಿಡ್ಬೇಕು. ಪುಸ್ತಕ ಇಲ್ಲ, ಪೆನ್ನು ಇಲ್ಲ, ಹಾಡು ಇಲ್ಲ. ನೀವು ದಿನಾ ಮಾಡೋ ಜಪ, ಪೂಜೆ, ಯೋಗಾಸನ ಇದ್ರೆ ಅದನ್ನೂ ಅಷ್ಟು ದಿನ ಪಕ್ಕಕ್ಕೆ ಇಡ್ಬೇಕು. ಗಂಡಸರು ಹೆಂಗಸರಿಗೆ ಬೇರೆ ಬೇರೆ ವ್ಯವಸ್ಥೆ. ಹಾಗಂತ ಜೈಲಲ್ಲ, ಧ್ಯಾನದಲ್ಲಿ ಡೌಟ್ ಬಂದ್ರೆ ಆಚಾರ್ಯರನ್ನ ಕೇಳ್ಬಹುದು, ಊಟ, ರೂಮು, ಆರೋಗ್ಯದ ತೊಂದರೆ ಇದ್ರೆ ಸೇವೆಗೆ ಬಂದಿರೋರಿಗೆ ಮೆಲ್ಲಗೆ ಹೇಳ್ಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ದೆ, ಹುಷಾರು ತಪ್ಪಿದ್ರೂ ಬಾಯಿ ಬಿಡೋ ಹಾಗಿಲ್ಲ ಅಂತ ಹೆದರ್ಕೊಂಡಿರ್ತಾರೆ.

ಈ ಮೌನ ಯಾಕೆ ಅಂತ ಮೊದಮೊದಲು ನಂಗೂ ಸರಿಯಾಗಿ ಅರ್ಥ ಆಗಿರ್ಲಿಲ್ಲ, ಶಿಸ್ತಿಗೆ ಅಂತ ಅಂದ್ಕೊಂಡಿದ್ದೆ. ಇದ್ದು ನೋಡಿದ ಮೇಲೆ ಇದರ ಹಿಂದಿರೋ ಯೋಚನೆ ಎಷ್ಟು ಗಟ್ಟಿ ಅಂತ ಗೊತ್ತಾಯ್ತು. ಕೋರ್ಸ್ ಶುರುವಲ್ಲೇ ಐದು ಶೀಲ ತಗೋತೀವಿ, ಕೊಲ್ಲಬಾರದು, ಕದಿಯಬಾರದು, ಬ್ರಹ್ಮಚರ್ಯ, ಸುಳ್ಳು ಹೇಳಬಾರದು, ಮಾದಕ ವಸ್ತು ಮುಟ್ಟಬಾರದು. ಇದರಲ್ಲಿ ಉಳಿದ ನಾಲ್ಕು ಅಲ್ಲಿನ ವಾತಾವರಣದಲ್ಲಿ ತಾನಾಗೇ ನಡೆದುಹೋಗತ್ತೆ, ಕಷ್ಟ ಇರೋದು ಸುಳ್ಳಿನದು. ಯಾಕಂದ್ರೆ ನಾವು ಬೇಕಂತ ಸುಳ್ಳು ಹೇಳದಿದ್ರೂ ಮಾತು ಶುರುವಾದ್ರೆ ಸ್ವಲ್ಪ ಬಣ್ಣ ಸೇರೇ ಸೇರತ್ತೆ. ಬೌದ್ಧ ಪರಂಪರೆಯಲ್ಲಿ ಸರಿಯಾದ ಮಾತು ಅಂದ್ರೆ ಸುಳ್ಳು, ಚಾಡಿ, ಒರಟು ಮಾತು, ಹರಟೆ ಈ ನಾಲ್ಕನ್ನೂ ಬಿಡೋದು. ದಿನದಲ್ಲಿ ನಾವಾಡೋದರಲ್ಲಿ ಈ ನಾಲ್ಕನ್ನ ತೆಗೆದುಹಾಕಿದ್ರೆ ಎಷ್ಟು ಉಳಿಯತ್ತೆ ಅಂತ ಒಮ್ಮೆ ಯೋಚ್ನೆ ಮಾಡಿ ನೋಡಿ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು ಅಂತ ನನ್ನ ಅನಿಸಿಕೆ. ಮಾತಾಡೋಕೆ ಬಿಟ್ಟಿದ್ರೆ ಮೊದಲ ದಿನ ಸಂಜೆಯೇ ಎಲ್ರೂ ಗುಂಪು ಕಟ್ಟಿ ಹೋಲಿಸ್ಕೊಳ್ತಿದ್ರು. ಒಬ್ರು ನಂಗೆ ಬೆಳಕು ಕಾಣ್ಸ್ತು ಅಂತಾರೆ, ಇನ್ನೊಬ್ರು ಮೈಯೆಲ್ಲಾ ಕರಗಿದ ಹಾಗಾಯ್ತು ಅಂತಾರೆ, ಬರೀ ಮಂಡಿ ನೋವು ಅನುಭವಿಸಿದೋರು ನಾನು ದಂಡ ಅಂತ ಕೂತ್ಕೋತಾರೆ, ಮಾರನೇ ದಿನ ಎಲ್ರೂ ಆ ಬೆಳಕನ್ನೇ ಹುಡುಕ್ತಾ ಕೂರ್ತಾರೆ. ಇಲ್ಲಿ ಕಲಿಸೋದೇ ಬಂದಿದ್ದನ್ನ ಬಂದ ಹಾಗೆ ನೋಡು, ಹಿತವಾಗಿದ್ರೆ ಅಂಟ್ಕೋಬೇಡ, ನೋವಾದ್ರೆ ದ್ವೇಷ ಮಾಡ್ಬೇಡ ಅಂತ, ಹೋಲಿಕೆ ಶುರುವಾದ್ರೆ ಆ ಪಾಠಕ್ಕೆ ಜಾಗವೇ ಇರಲ್ಲ.

ದಿನಚರಿ ಚಿಕ್ಕದಾಗಿ ಹೇಳ್ತೀನಿ. ಬೆಳಿಗ್ಗೆ 4ಕ್ಕೆ ಗಂಟೆ, 4:30ಯಿಂದ ಧ್ಯಾನ, ಮಧ್ಯೆ ಮಧ್ಯೆ ತಿಂಡಿ ಊಟ ವಿಶ್ರಾಂತಿ, ಸಂಜೆ 7ಕ್ಕೆ ಪ್ರವಚನದ ರೆಕಾರ್ಡಿಂಗ್, ರಾತ್ರಿ 9:30ಕ್ಕೆ ಲೈಟ್ ಆಫ್. ಒಟ್ಟು ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ಕೂರೋದೇ ಕೆಲಸ. ಮೊದಲ ಮೂರು ದಿನ ಆನಾಪಾನ, ಅಂದ್ರೆ ಮೂಗಿನ ಹತ್ರ ಉಸಿರು ಬರೋದು ಹೋಗೋದನ್ನ ಸುಮ್ನೆ ಗಮನಿಸೋದು, ಉಸಿರನ್ನ ಹಿಡಿಯೋದು ಎಳೆಯೋದು ಏನೂ ಇಲ್ಲ. ನಾಲ್ಕನೇ ದಿನ ವಿಪಶ್ಯನ ಕೊಡ್ತಾರೆ, ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಆಗೋ ಸಂವೇದನೆಗಳನ್ನ ಪ್ರತಿಕ್ರಿಯೆ ಇಲ್ಲದೆ ನೋಡ್ತಾ ಹೋಗೋದು. ಅಲ್ಲಿಂದ ದಿನಕ್ಕೆ ಮೂರು ಸಲ ಅಧಿಷ್ಠಾನ, ಒಂದು ಗಂಟೆ ಕಣ್ಣು ಬಿಡದೆ, ಕೈ ಕಾಲು ಅಲ್ಲಾಡಿಸದೆ ಕೂರೋ ಸಂಕಲ್ಪ. ಇದು ಕಷ್ಟ, ಸುಳ್ಳು ಹೇಳಲ್ಲ, ನಲವತ್ತನೇ ನಿಮಿಷಕ್ಕೆ ಮಂಡಿಯಲ್ಲಿ ಬೆಂಕಿ ಬಿದ್ದ ಹಾಗಾಗತ್ತೆ. ನೆಲದ ಮೇಲೆ ಕೂರೋಕೆ ಆಗದೇ ಇರೋರು ಕೇಳಿದ್ರೆ ಕುರ್ಚಿ ಕೊಡ್ತಾರೆ, ಸಂಕೋಚ ಪಡ್ಬೇಡಿ.

ಈಗ ಮೌನದ ಒಳಗೆ ಏನಾಗತ್ತೆ ಅನ್ನೋದು. ಮೊದಲು ಕಾಣ್ಸೋದು, ನಮ್ಮ ಮಾತಿನಲ್ಲಿ ಎಷ್ಟು ಭಾಗ ನಮ್ಮನ್ನ ನಾವು ತೋರಿಸ್ಕೊಳ್ಳೋಕೆ ಖರ್ಚಾಗ್ತಿತ್ತು ಅನ್ನೋದು. ಬಾಗಿಲ ಹತ್ರ ಯಾರಿಗೋ ಭುಜ ತಾಗತ್ತೆ, ಸಾರಿ ಅನ್ನೋ ಹಾಗಿಲ್ಲ, ನಗೋ ಹಾಗೂ ಇಲ್ಲ, ನಾನು ಒಳ್ಳೆಯೋನು ಅಂತ ಅವರಿಗೆ ತಿಳಿಸೋ ದಾರಿಯೇ ಇಲ್ಲ, ಆ ಕಸಿವಿಸಿ ಇಟ್ಕೊಂಡೇ ಮುಂದಕ್ಕೆ ಹೋಗ್ಬೇಕು. ಪಕ್ಕದಲ್ಲಿ ಕೂತೋರಿಗೆ ನಿಮ್ಮ ಹೆಸರು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ, ಏನು ಓದಿದ್ದೀರಿ ಅಂತ ಗೊತ್ತಿಲ್ಲ. ಇಷ್ಟು ವರ್ಷ ಹೇಳ್ಕೊಂಡು ಹೇಳ್ಕೊಂಡು ಕಟ್ಟಿದ್ದ ಆ ನಾನು ಅನ್ನೋದಕ್ಕೆ ದಿನಾ ಹಾಕ್ತಿದ್ದ ನೀರು ನಿಂತುಹೋಗತ್ತೆ, ಎರಡನೇ ಮೂರನೇ ದಿನಕ್ಕೆ ಅದು ಬಾಡೋಕೆ ಶುರುವಾದಾಗ ಆಗೋ ಚಡಪಡಿಕೆ ಇದ್ಯಲ್ಲ, ತುಂಬಾ ಜನ ಬ್ಯಾಗ್ ಕಟ್ಟೋಣ ಅಂದ್ಕೊಳ್ಳೋದು ಆಗಲೇ, ಆದ್ರೆ ನನ್ನ ಮಟ್ಟಿಗೆ ಆಧ್ಯಾತ್ಮ ಅನ್ನೋದು ನಿಜವಾಗ್ಲೂ ಶುರುವಾಗೋದೂ ಅಲ್ಲೇ.

ಆಮೇಲೆ ಇನ್ನೊಂದು. ಮಾತೇ ಆಡದೆ ಎದುರಿಗಿರೋರ ಬಗ್ಗೆ ಮನಸ್ಸು ಪೂರ್ತಿ ಕಥೆ ಬರ್ದುಬಿಡತ್ತೆ. ನನ್ನ ಮುಂದಿನ ಸಾಲಲ್ಲಿ ಒಬ್ರು ಕೂರ್ತಿದ್ರು, ನಡಿಗೆ ನೋಡಿ ಇವರು ದರ್ಪದ ಮನುಷ್ಯ ಅಂತ ತೀರ್ಮಾನ ಆಗಿತ್ತು, ದಿನ ಕಳೆದ ಹಾಗೆ ಅದಕ್ಕೆ ಸಾಕ್ಷಿನೂ ಸೇರ್ತಾ ಹೋಯ್ತು. ಹತ್ತನೇ ದಿನ ಮೌನ ಬಿಟ್ಟಾಗ ಅವರೇ ಬಂದು ಕೈ ಹಿಡ್ಕೊಂಡು ಮಾತಾಡ್ಸಿದ್ರು, ಅಷ್ಟು ಮೃದು ಮನುಷ್ಯ. ಅವರ ಒಂದು ಮಾತೂ ಕೇಳದೆ ಇಷ್ಟೆಲ್ಲಾ ಕಟ್ಟಿದ್ದು ಯಾರು? ಹೊರಗಡೆ ಇದ್ದಾಗ ಅವರು ಹಾಗಂದ್ರು ಅದಕ್ಕೇ ನಂಗೆ ಹೀಗನ್ಸ್ತು ಅಂತ ಅವರ ಮಾತಿನ ಮೇಲೆ ಹಾಕ್ಬಹುದಿತ್ತು, ಇಲ್ಲಿ ಹಾಕೋಕೆ ಯಾರೂ ಇಲ್ಲ. ಸಿಟ್ಟು, ಅಸೂಯೆ, ಅನುಮಾನ ಇವೆಲ್ಲಾ ನನ್ನೊಳಗೇ ತಯಾರಾಗ್ತಿದೆ ಅಂತ ಪುಸ್ತಕದಲ್ಲಿ ಓದೋದು ಬೇರೆ, ಹೀಗೆ ಕಣ್ಣಾರೆ ನೋಡೋದು ಬೇರೆ.

ಭಗವದ್ಗೀತೆಯ 17ನೇ ಅಧ್ಯಾಯದಲ್ಲಿ ತಪಸ್ಸನ್ನ ದೇಹದ್ದು, ಮಾತಿನದು, ಮನಸ್ಸಿನದು ಅಂತ ಮೂರು ಭಾಗ ಮಾಡಿದ್ದಾರೆ, ಅದರಲ್ಲಿ ಮೌನ ಬರೋದು ಮಾತಿನ ತಪಸ್ಸಲ್ಲಿ ಅಲ್ಲ, ಮನಸ್ಸಿನ ತಪಸ್ಸಲ್ಲಿ. ಮಾತಿನ ತಪಸ್ಸು ಅಂದ್ರೆ ಇನ್ನೊಬ್ರನ್ನ ಕೆಣಕದ, ಸತ್ಯವಾದ, ಪ್ರಿಯವಾದ, ಹಿತವಾದ ಮಾತು ಆಡೋದು ಅಂತಿದೆ. ಈ ಕೋರ್ಸ್ ಮುಗಿಸಿದ ಮೇಲೆ ಆ ವಿಂಗಡಣೆ ಎಷ್ಟು ಸರಿ ಅನ್ಸ್ತು. ಬಾಯಿ ಮುಚ್ಚೋಕೆ ಒಂದು ಸಂಜೆ ಸಾಕು, ಒಳಗಿನದು ಸುಮ್ಮನಾಗೋಕೆ ಒಂದು ವಿಧಾನ ಬೇಕು. ಅದಕ್ಕೇ ವಿಧಾನ ಏನೂ ಕಲಿಸದೆ ಸುಮ್ನೆ ಮಾತಾಡ್ಬೇಡಿ ಅಂತ ಕೂರಿಸೋ ಶಿಬಿರಗಳ ಬಗ್ಗೆ ನಂಗೆ ಅಷ್ಟು ನಂಬಿಕೆ ಇಲ್ಲ, ಹಾಗೇ ಮೌನ ಇಷ್ಟ ಇದ್ದೋರಿಗೆ ಮಾತ್ರ ಅಂತ ಸಡಿಲ ಬಿಡೋ ಕಡೆನೂ ಆಳಕ್ಕೆ ಇಳಿಯೋದು ಕಷ್ಟ, ಪಕ್ಕದಲ್ಲಿ ಇಬ್ರು ಪಿಸುಗುಟ್ಟಿದ್ರೆ ಕಿವಿ ಅಲ್ಲಿಗೇ ಹೋಗತ್ತೆ.

ದುಡ್ಡಿನ ವಿಷಯ. ಕಲಿಯೋಕೆ, ಉಳ್ಕೊಳ್ಳೋಕೆ, ಊಟಕ್ಕೆ ಯಾವುದಕ್ಕೂ ಫೀಸ್ ಇಲ್ಲ. ಕೊನೆಯಲ್ಲಿ ಮನಸ್ಸಿದ್ರೆ ದಾನ ಕೊಡ್ಬಹುದು, ಅದೂ ಕನಿಷ್ಠ ಒಂದು ಕೋರ್ಸ್ ಮುಗಿಸಿದೋರಿಂದ ಮಾತ್ರ ತಗೋತಾರೆ. ಆಚಾರ್ಯರಿಗೆ ಸಂಬಳ ಇಲ್ಲ, ಅಡುಗೆ ಮನೆಯಲ್ಲಿ ಕೆಲಸ ಮಾಡೋರು, ಗಂಟೆ ಹೊಡೆಯೋರು ಹೆಚ್ಚಾಗಿ ಹಳೇ ಸಾಧಕರೇ. ನಮಗೋಸ್ಕರ ಯಾರೋ ಗುರುತಿಲ್ಲದೋರು ಬೆಳಗಿನ ಜಾವ ಎದ್ದು ದುಡೀತಿದ್ದಾರೆ, ಅವರಿಗೆ ಥ್ಯಾಂಕ್ಸ್ ಕೂಡ ಹೇಳೋ ಹಾಗಿಲ್ಲ, ತಟ್ಟೆ ಹಿಡ್ಕೊಂಡು ಸುಮ್ನೆ ತಗೋಬೇಕು. ಅದೂ ಒಂದು ಪಾಠ.

ಸ್ವಲ್ಪ ಹಿನ್ನೆಲೆ ಗೊತ್ತಿದ್ರೆ ಒಳ್ಳೇದು. ಗೋಯೆಂಕಾ ಹುಟ್ಟಿದ್ದು 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ, ವ್ಯಾಪಾರಿ ಮನೆತನ. ವಿಪರೀತ ಮೈಗ್ರೇನ್ ಇತ್ತು ಅಂತ ಸಯಾಜಿ ಊ ಬಾ ಖಿನ್ ಅವರ ಹತ್ರ ಹೋಗಿ ಕಲ್ತೋರು, ಆ ಗುರುಗಳು ಸನ್ಯಾಸಿ ಅಲ್ಲ, ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದೋರು, ಸಂಸಾರದಲ್ಲಿದ್ಕೊಂಡೇ ಕಲಿಸ್ತಿದ್ರು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಹೇಳ್ಕೊಡೋಕೆ ಶುರು ಮಾಡಿದ್ರು, 1976ರಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಧಮ್ಮಗಿರಿ ಅನ್ನೋ ಸೆಂಟರ್ ಶುರುವಾಯ್ತು. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಜಾಸ್ತಿ ಕೈದಿಗಳು ಒಟ್ಟಿಗೆ ಈ ಕೋರ್ಸ್ ಮಾಡಿದ್ದಾರೆ, ಸಾವಿರ ಜನ ಕೈದಿಗಳು ಅಷ್ಟು ದಿನ ಮಾತಿಲ್ಲದೆ ಕೂತಿದ್ದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಮೈ ಜುಮ್ ಅನ್ನತ್ತೆ. ಗೋಯೆಂಕಾ 2013ರಲ್ಲಿ ತೀರ್ಕೊಂಡ್ರು.

ಇಷ್ಟ ಆಗದೇ ಇರೋದೂ ಇದೆ, ಅದನ್ನೂ ಹೇಳ್ತೀನಿ. ಸೂಚನೆಗಳೆಲ್ಲಾ ರೆಕಾರ್ಡಿಂಗ್‌ನಲ್ಲೇ ಬರೋದ್ರಿಂದ ಎದುರಿಗೆ ಕೂತಿರೋ ಸಹಾಯಕ ಆಚಾರ್ಯರ ಪಾತ್ರ ಕಮ್ಮಿ, ಅವರ ಹತ್ರ ಸಿಗೋ ಸಮಯನೂ ಕೆಲವೇ ನಿಮಿಷ. ಎಲ್ಲಾ ಕಡೆ ಒಂದೇ ಥರ ಕಲಿಸ್ಬೇಕು ಅನ್ನೋ ಉದ್ದೇಶ ಅರ್ಥ ಆಗತ್ತೆ, ಆದ್ರೂ ಒಬ್ಬೊಬ್ರ ಮನಸ್ಸು ಒಂದೊಂದು ಥರ ಇರತ್ತಲ್ವಾ, ಗಾಢವಾದ ದುಃಖ ಮೇಲೆ ಬಂದು ಅಳು ತಡೆಯೋಕಾಗದೇ ಇರೋ ಹೊತ್ತಲ್ಲಿ ಇನ್ನೂ ಸ್ವಲ್ಪ ಹೊತ್ತು ಪಕ್ಕ ಕೂತು ಕೇಳಿಸ್ಕೊಳ್ಳೋರು ಬೇಕು. ಪ್ರವಚನದಲ್ಲಿ ಈ ವಿಧಾನವೇ ಶುದ್ಧ ಅನ್ನೋ ಥರದ ಮಾತು ಪದೇ ಪದೇ ಬರತ್ತೆ, ಭಕ್ತಿ ಮಾರ್ಗದಲ್ಲಿ ಬೆಳೆದೋರಿಗೆ ಅದು ಸ್ವಲ್ಪ ಚುಚ್ಚಬಹುದು. ನಾನು ಅದನ್ನ ಕೇಳಿಸ್ಕೊಂಡು ಪಕ್ಕಕ್ಕಿಟ್ಟೆ, ಅಭ್ಯಾಸಕ್ಕೆ ಅದರಿಂದ ಏನೂ ಅಡ್ಡಿ ಆಗ್ಲಿಲ್ಲ.

ಹತ್ತನೇ ದಿನ ಮೈತ್ರಿ ಭಾವನೆಯ ಧ್ಯಾನ ಕಲಿಸಿ ಮೌನ ಬಿಡ್ತಾರೆ. ಹನ್ನೊಂದನೇ ದಿನ ಬೆಳಿಗ್ಗೆಯೇ ಹೊರಡೋದು. ಹತ್ತನೇ ದಿನವನ್ನ ಗಾಯದ ಮೇಲೆ ಮುಲಾಮು ಹಚ್ಚೋ ದಿನ ಅಂತ ಅವರು ಹೇಳ್ತಾರೆ, ಒಂದು ದಿನದ ಈ ವ್ಯವಸ್ಥೆ ತುಂಬಾ ಬುದ್ಧಿವಂತಿಕೆಯದು, ಅಷ್ಟು ಮೌನದಿಂದ ಸೀದಾ ರಸ್ತೆಗೆ ಇಳಿದಿದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಆದ್ರೂ ಅವತ್ತು ಹಾಲ್‌ನಿಂದ ಹೊರಗೆ ಬಂದ ಮೇಲೆ ಎಲ್ರೂ ಒಟ್ಟಿಗೆ ಮಾತಾಡೋಕೆ ಶುರು ಮಾಡ್ತಾರಲ್ಲ, ಆ ಸದ್ದು ನಿಜವಾಗ್ಲೂ ನೋವು ಕೊಡತ್ತೆ, ನಮ್ಮ ದನಿ ನಮಗೇ ಜೋರು ಅನ್ಸತ್ತೆ. ನಾನಂತೂ ಸ್ವಲ್ಪ ಹೊತ್ತು ದೂರ ಹೋಗಿ ಕೂತೆ.

ಮನೆಗೆ ಬಂದ ಮೇಲೆ ಏನು ಉಳೀತು ಅಂತ ಕೇಳ್ತೀರಿ. ಮಾತು ಬಾಯಿಗೆ ಬರೋ ಮುಂಚೆ ಎದೆಯಲ್ಲಿ, ಹೊಟ್ಟೆಯಲ್ಲಿ ಒಂದು ಬಿಸಿ ಏಳತ್ತೆ, ಅದು ಈಗ ಗೊತ್ತಾಗತ್ತೆ, ಯಾವಾಗ್ಲೂ ಅಲ್ಲ, ಎಷ್ಟೋ ಸಲ. ಗೊತ್ತಾದಾಗ ಉತ್ತರ ಕೊಡೋದು ಅರ್ಧ ಕ್ಷಣ ತಡ ಆಗತ್ತೆ, ಆ ಅರ್ಧ ಕ್ಷಣದಲ್ಲಿ ಎಷ್ಟು ಜಗಳ ಹುಟ್ಟದೇ ಹೋಗಿದೆ ಅಂತ ನನ್ನ ಮನೆಯವರೇ ಹೇಳ್ತಾರೆ. ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ಕೂರಿ ಅಂತ ಕೋರ್ಸ್‌ನಲ್ಲಿ ಹೇಳಿ ಕಳಿಸ್ತಾರೆ, ಸಂಸಾರ ಕೆಲಸದ ನಡುವೆ ಸಂಜೆಯದು ಕಷ್ಟ, ಬೆಳಗಿನದನ್ನ ಹಿಡ್ಕೊಂಡಿದ್ದೀನಿ, ಅದರ ಜೊತೆ ಎದ್ದ ಮೇಲೆ ಸ್ವಲ್ಪ ಹೊತ್ತು ಮಾತೂ ಬೇಡ ಫೋನೂ ಬೇಡ ಅಂತ ಇಟ್ಕೊಂಡಿದ್ದೀನಿ, ಮನೆಯವರೂ ಒಪ್ಕೊಂಡಿದ್ದಾರೆ.

ಹೋಗ್ಬೇಕು ಅನ್ನೋರಿಗೆ ಕೊನೆಯದಾಗಿ ಕೆಲವು ಮಾತು. ಅರ್ಜಿ ಆನ್‌ಲೈನ್‌ನಲ್ಲೇ, ಸೀಟು ಬೇಗ ತುಂಬತ್ತೆ, ಮುಂಚೆನೇ ಹಾಕಿ. ಗಂಭೀರ ಮಾನಸಿಕ ತೊಂದರೆ ಇದ್ದೋರಿಗೆ ಈ ಕೋರ್ಸ್ ಬೇಡ ಅಂತ ಅವರೇ ಹೇಳ್ತಾರೆ, ಖಿನ್ನತೆಗೆ ಮಾತ್ರೆ ತಗೊಳ್ತಿದ್ರೆ ಅರ್ಜಿಯಲ್ಲಿ ಮುಚ್ಚಿಡದೆ ಬರೀರಿ, ನಿಮ್ಮ ಡಾಕ್ಟರ್‌ನ ಕೇಳ್ದೆ ಮಾತ್ರೆ ನಿಲ್ಸ್‌ಬೇಡಿ. ಮನೆಯವರಿಗೆ ತುರ್ತು ಇದ್ರೆ ಸೆಂಟರ್ ನಂಬರ್‌ಗೆ ಫೋನ್ ಮಾಡಿ ಅಂತ ಹೇಳಿ ನಂಬರ್ ಕೊಟ್ಟು ಹೋಗಿ, ಇಲ್ಲಾಂದ್ರೆ ಅರ್ಧ ಧ್ಯಾನ ಮನೆ ಚಿಂತೆಯಲ್ಲೇ ಹೋಗತ್ತೆ. ಫ್ರೆಂಡ್ ಜೊತೆ ಅಥವಾ ಗಂಡ ಹೆಂಡತಿ ಒಟ್ಟಿಗೆ ಹೋಗೋದಾದ್ರೆ ಅಲ್ಲಿ ಒಬ್ಬರನ್ನೊಬ್ರು ನೋಡಿ ನಗೋದು ಕೂಡ ಬೇಡ ಅಂತ ಮೊದಲೇ ಮಾತಾಡ್ಕೊಳ್ಳಿ, ಸಾಧ್ಯ ಆದ್ರೆ ಮೊದಲ ಸಲ ಒಬ್ರೇ ಹೋಗಿ. ವಾಪಸ್ ಬಂದ ಮಾರನೇ ದಿನವೇ ಕೆಲಸಕ್ಕೆ ಹಾಜರಾಗೋ ಪ್ಲ್ಯಾನ್ ಇಟ್ಕೋಬೇಡಿ, ಒಂದು ದಿನನಾದ್ರೂ ರಜೆ ಜಾಸ್ತಿ ತಗೊಳ್ಳಿ.