ಪಿಸ್ಟನ್ ಇಳಿಸಲು ಮೂರು ಸಾಧನಗಳು: ಅಂಗಡಿಯ ಪಟ್ಟಿ, ತಗಡಿನ ಸುತ್ತು, ಹಳೆಯ ಲೈನರಿನ ಬಳೆ

ಟ್ರಯಂಫ್ ಟಿಆರ್4 ಕಾರಿನ ಎಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಮರುಜೋಡಿಸುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಪಿಸ್ಟನ್ನಿನ ಸುತ್ತ ಸ್ಪ್ರಿಂಗಿನಂತೆ ಹೊರಕ್ಕೆ ಚಾಚಿಕೊಳ್ಳುವ ರಿಂಗುಗಳನ್ನು ಅದುಮಿ, ಪಿಸ್ಟನ್ ಚಲಿಸುವ ಕೊಳವೆಯಾದ ಲೈನರಿನೊಳಗೆ ಇಳಿಸಲು, ಅದೇ ಎಂಜಿನ್ನಿನಿಂದ ಹೊರತೆಗೆದ ಹಳೆಯ ಲೈನರನ್ನು ಕತ್ತರಿಸಿ ಮಾಡಿಕೊಂಡ ಬಳೆಗೆ ಸಮನಾದ ಸಾಧನ ಇನ್ನೊಂದಿಲ್ಲ.

ಕೊವೆಂಟ್ರಿಯಲ್ಲಿ ತಯಾರಾಗುತ್ತಿದ್ದ ಈ 2138 ಸಿಸಿ ಎಂಜಿನ್ನು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಮತ್ತು ಫರ್ಗುಸನ್ ಟ್ರ್ಯಾಕ್ಟರಿನ ಎಂಜಿನ್ನುಗಳ ವಂಶಕ್ಕೆ ಸೇರಿದ್ದು. ಇದರ 86 ಮಿ.ಮೀ. ಒಳವ್ಯಾಸದ ಲೈನರುಗಳು ಬ್ಲಾಕಿನಿಂದ ಬೇರೆಯಾಗಿಯೇ ಇದ್ದು, ಕೆಳಗೆ, ನೀರು ಸೋರದಂತೆ ತಡೆಯುವ ‘8’ರ ಆಕಾರದ ಗ್ಯಾಸ್ಕೆಟ್ಟುಗಳ ಮೇಲೆ ನಿಂತಿರುತ್ತವೆ; ಸುತ್ತಲೂ ನೀರು ಹರಿಯುತ್ತದೆ. ಲೈನರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಇಲ್ಲದಿರುವಾಗ, ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ನು ಲೈನರನ್ನೂ ಮೇಲಕ್ಕೆಳೆದು ಗ್ಯಾಸ್ಕೆಟ್ಟಿನ ಬಿಗಿ ಕೆಡಿಸುತ್ತದೆ, ಆಮೇಲೆ ನೀರು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಆದ್ದರಿಂದ ಹೆಡ್ಡನ್ನು ಬಿಗಿಯಲು ಬ್ಲಾಕಿನಿಂದ ಮೇಲೆ ಚಾಚಿರುವ ಸ್ಟಡ್ಡುಗಳಿಗೆ ದಪ್ಪ ವಾಷರು ಮತ್ತು ಕೊಳವೆಯ ತುಂಡು ತೊಡಿಸಿ, ನಟ್ಟು ಬಿಗಿದು, ಲೈನರುಗಳನ್ನು ಒತ್ತಿ ಹಿಡಿದಿರಬೇಕು.

ಅಂಗಡಿಯ ಸಾಧನ ಸೋಲುವುದು ಇಲ್ಲಿಯೇ. ನಾನು ಕೊಂಡದ್ದು ಪಿಸ್ಟನ್ನಿನ ಸುತ್ತ ಉಕ್ಕಿನ ಪಟ್ಟಿಯನ್ನು ಕೀಲಿಯಿಂದ ಬಿಗಿಯುವ ಸಾಮಾನ್ಯ ಮಾದರಿ. ಅದರ ಕೆಳ ಅಂಚು ಲೈನರಿನ ಮೇಲೆ ಸುತ್ತಲೂ ಸಮನಾಗಿ ಕೂತರೆ ಮಾತ್ರ ರಿಂಗು ಜಾರದೆ ಒಳಗೆ ಹೋಗುತ್ತದೆ. ಆದರೆ ಲೈನರಿನ ಅಂಚನ್ನು ವಾಷರುಗಳು ಅಲ್ಲಲ್ಲಿ ಆವರಿಸಿರುವುದರಿಂದ ಪಟ್ಟಿ ಅವುಗಳ ಮೇಲೇರಿ ಒಂದು ಬದಿಯಲ್ಲಿ ಎತ್ತರವಾಗಿ ನಿಲ್ಲುತ್ತದೆ. ಕೀಲಿಯ ಗೂಡು ಸ್ಟಡ್ಡಿಗೆ ತಗಲುತ್ತದೆ.

ಹೀಗೆ ಉಳಿದ ಸಣ್ಣ ಸಂದಿಯಲ್ಲಿ ಎಣ್ಣೆ ರಿಂಗು (ಲೈನರಿನ ಗೋಡೆಯ ಹೆಚ್ಚುವರಿ ಎಣ್ಣೆಯನ್ನು ಕೆರೆಯುವ ರಿಂಗು) ಹೊರಕ್ಕೆ ಸಿಡಿದು ಲೈನರಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆಯ ಮರದ ಹಿಡಿಯಿಂದ ತಟ್ಟುವಾಗ ಕೈಗೆ ತಿಳಿಯುವ ಬಿಗಿ ಪಟ್ಟಿಯದೋ, ಸಿಕ್ಕಿಕೊಂಡ ರಿಂಗಿನದೋ ಎಂದು ಗುರುತಿಸಲಾಗುವುದಿಲ್ಲ. ನನ್ನ ಒಂದು ಹೊಸ ರಿಂಗು ಮುರಿದದ್ದು ಹೀಗೆಯೇ. ಬಿಡಿ ರಿಂಗು ಸಿಗದೆ ಇಡೀ ಸೆಟ್ಟನ್ನೇ ಮತ್ತೆ ಕೊಳ್ಳಬೇಕಾಯಿತು. ವಾಷರುಗಳನ್ನು ತೆಗೆದು ಪಿಸ್ಟನ್ ಇಳಿಸಬಹುದೆನ್ನುವವರಿದ್ದಾರೆ, ಆದರೆ ಲೈನರನ್ನು ಆ ಹೊತ್ತಿನಲ್ಲಿ ಹಿಡಿತವಿಲ್ಲದೆ ಬಿಡಲು ನಾನು ಒಪ್ಪಲಾರೆ.

ತೆಳು ತಗಡನ್ನು ಸುತ್ತಿ ಎರಡು ಹೋಸ್ ಕ್ಲಿಪ್ಪುಗಳಿಂದ ಬಿಗಿಯುವ ವಿಧಾನಕ್ಕೆ ಖರ್ಚೇ ಇಲ್ಲ, ಆದರೆ ತಗಡಿನ ಅಂಚುಗಳು ಒಂದರ ಮೇಲೊಂದು ಬರುವ ಕಡೆ ಏಳುವ ಮೆಟ್ಟಿಲಿಗೆ ರಿಂಗು ತಗಲುತ್ತದೆ.

ಬಳೆಗೆ ಲೈನರಿನ ಕೆಳಭಾಗವನ್ನೇ ಆರಿಸಿಕೊಳ್ಳಬೇಕು. ಸವೆತ ಹೆಚ್ಚಾಗಿರುವುದು ಮೇಲಿನ ರಿಂಗು ತಲುಪುವ ಎತ್ತರದಲ್ಲಿ. ರಿಂಗುಗಳು ಮುಟ್ಟದ ಕೆಳಗಿನ ಭಾಗ ಮೂಲ ಅಳತೆಯಲ್ಲೇ ಉಳಿದಿರುತ್ತದೆ. ಅಲ್ಲಿಂದ ನಾಲ್ಕು ಬೆರಳಗಲದ ತುಂಡನ್ನು ಕತ್ತರಿಸಿ, ಲೇತಿನಲ್ಲಿ ಒಳಮುಖವನ್ನು ಆಲಿಕೆಯಂತೆ ಮೇಲಕ್ಕೆ ಅಗಲಿಸಿ, ತಳದ ಸ್ವಲ್ಪ ಭಾಗವನ್ನು ಇದ್ದ ಅಳತೆಯಲ್ಲೇ ಬಿಟ್ಟು, ಎಮರಿ ಕಾಗದದಿಂದ ನುಣುಪಾಗಿಸಿದರೆ ಸಾಧನ ಸಿದ್ಧ. ಎರಕದ ಕಬ್ಬಿಣವಾದ್ದರಿಂದ ಬಳೆಯ ಮೇಲಿನ ಬಾಯಿಯನ್ನು ಅತಿಯಾಗಿ ತೆಳುವಾಗಿಸಬಾರದು. ವಾಷರುಗಳು ಬರುವ ಜಾಗಗಳಲ್ಲಿ ಬಳೆಯ ಹೊರಬದಿಯನ್ನು ಅರದಿಂದ ಉಜ್ಜಿ ತಗ್ಗು ಮಾಡಿದ್ದೇನೆ. ಹಾಗಾಗಿ ಅದು ಲೈನರಿನ ಮೇಲೆ ಸಪಾಟಾಗಿ ಕೂರುತ್ತದೆ. ಎಣ್ಣೆ ಸವರಿ, ರಿಂಗುಗಳ ಎರಡು ತುದಿಗಳ ನಡುವಿನ ಸಂದಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿಟ್ಟು ಪಿಸ್ಟನ್ನನ್ನು ಒತ್ತಿದರೆ ಹೆಬ್ಬೆರಳುಗಳ ಬಲವೇ ಸಾಕಾಗುತ್ತದೆ.

ಹಲವು ಬಗೆಯ ಎಂಜಿನ್ನುಗಳನ್ನು ರಿಪೇರಿ ಮಾಡುವವರಿಗೆ ಎಲ್ಲ ಅಳತೆಗೂ ಹೊಂದುವ ಪಟ್ಟಿಯೇ ಬೇಕಾದೀತು. ನಾನು ಕೈಹಾಕುವುದು ಈ ಒಂದೇ ಎಂಜಿನ್ನಿಗೆ, ಕೆಲಸ ಸಾವಕಾಶವಾಗಿ ನಡೆಯುತ್ತದೆ, ಲೇತು ಪರಿಚಿತರಲ್ಲಿದೆ, ಹಳೆಯ ಲೈನರು ಗುಜರಿಗೆ ಹೋಗಬೇಕಾಗಿದ್ದ ವಸ್ತು. ಹೀಗಿರುವಾಗ ಬಳೆಯನ್ನು ಬಿಟ್ಟು ಬೇರೆಯದಕ್ಕೆ ಹಣ ಹಾಕಲು ನನಗೆ ಕಾರಣವಿಲ್ಲ. 87 ಮಿ.ಮೀ. ಪಿಸ್ಟನ್ ಹಾಕಿಸುವವರು ಬಳೆಯ ತಳವನ್ನೂ ಆ ಅಳತೆಗೆ ಲೇತಿನಲ್ಲಿ ಹಿಗ್ಗಿಸಿಕೊಳ್ಳಬೇಕು.