ಪ್ರಾಗ್, ಬ್ರನೋ, ಓಲೊಮೊತ್ಸ್: ಜೆಕ್ ಜನರ ದಿನನಿತ್ಯ ನೋಡೋಕೆ ಯಾವ ಊರು?

ಜೆಕ್ ದೇಶಕ್ಕೆ ಹೋದವರಲ್ಲಿ ಬಹಳಷ್ಟು ಜನ ಪ್ರಾಗ್ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ನಾನು ಈ ಮೂರೂ ಊರಿನ ಬೀದಿಗಳನ್ನು ಚೆನ್ನಾಗಿ ಸುತ್ತಿದ್ದೇನೆ. ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ನೋಡೋ ಆಸೆ ಇದ್ದರೆ ನನ್ನ ಓಟು ಬ್ರನೋಗೆ.

ಪ್ರಾಗ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. 1357ರಲ್ಲಿ ಕಟ್ಟೋಕೆ ಶುರು ಮಾಡಿದ ಚಾರ್ಲ್ಸ್ ಸೇತುವೆ, 1410ರ ಖಗೋಳ ಗಡಿಯಾರ, ಎರಡನ್ನೂ ನೋಡಲೇಬೇಕು. ಆದರೆ ಅವುಗಳ ನಡುವಿನ ಬೀದಿಯಲ್ಲಿ ಜೆಕ್ ಮಾತು ಕಿವಿಗೆ ಬೀಳೋದೇ ಕಷ್ಟ. ಅಲ್ಲಿ ಎಲ್ಲಿ ನೋಡಿದರೂ ಟ್ರಡೆಲ್ನಿಕ್ ಅಂಗಡಿ. ಹಳೇ ಕಾಲದ ಜೆಕ್ ತಿಂಡಿ ಅಂತ ಮಾರುತ್ತಾರೆ, ಆದರೆ ಪ್ರಾಗಿನಲ್ಲಿ ಅದು ಇಷ್ಟು ಹಬ್ಬಿದ್ದು ಪ್ರವಾಸಿಗರಿಂದಲೇ. ಟ್ರಾಮ್ ಹತ್ತಿ ಪ್ರಾಗಿನದೇ ಝಿಷ್ಕೊವ್ ಅನ್ನೋ ಬಡಾವಣೆ ಕಡೆ ಹೋದರೆ ಬೇರೆಯೇ ಊರು ಅನ್ನಿಸುತ್ತದೆ. ಮನೆ ಬಾಗಿಲ ಮೇಲೆ ಎರಡು ನಂಬರ್ ಹಲಗೆ ಇರುತ್ತವೆ. ಕೆಂಪು ಹಲಗೆಯದು ಆ ಬಡಾವಣೆಯ ದಾಖಲೆಯಲ್ಲಿ ಕಟ್ಟಡಕ್ಕಿರುವ ನಂಬರ್, ನೀಲಿಯದು ಬೀದಿಯಲ್ಲಿ ಮನೆ ಹುಡುಕೋದಕ್ಕೆ.

ಬ್ರನೋದಲ್ಲಿ ಜನರ ದಿನನಿತ್ಯ ನೋಡೋಕೆ ಇಷ್ಟು ಹುಡುಕಾಟ ಬೇಕಿಲ್ಲ. ಊರಿನ ನಟ್ಟನಡುವೆಯೇ ಝೆಲ್ನಿ ಟರ್ಹ್ ಅನ್ನೋ ತರಕಾರಿ ಸಂತೆ, ನಮ್ಮ ಗಾಂಧಿ ಬಜಾರಿನ ಹಾಗೆ, ಅಜ್ಜಿಯರು ಚೀಲ ಹಿಡಿದು ಬರುತ್ತಾರೆ, ಸೊಪ್ಪು ತಿರುಗಿಸಿ ನೋಡಿ ಆರಿಸುತ್ತಾರೆ, ಮೇಲೆ ಪೆಟ್ರೊವ್ ಗುಡ್ಡದ ಚರ್ಚಿನ ಗೋಪುರಗಳು ಕಾಣುತ್ತಿರುತ್ತವೆ. ಆ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹನ್ನೆರಡಕ್ಕಲ್ಲ, ಹನ್ನೊಂದಕ್ಕೇ ಹೊಡೆಯುತ್ತದೆ. 1645ರಲ್ಲಿ ಸ್ವೀಡನ್ನಿನ ಸೈನ್ಯ ಊರನ್ನು ಮುತ್ತಿತ್ತು. ಮಧ್ಯಾಹ್ನದೊಳಗೆ ಗೆಲ್ಲದಿದ್ದರೆ ಹೊರಡುತ್ತೇನೆ ಅಂತ ಸೇನಾಪತಿ ಹೇಳಿದ್ದನಂತೆ, ಊರಿನವರು ಒಂದು ಗಂಟೆ ಮುಂಚೆಯೇ ಬಾರಿಸಿಬಿಟ್ಟರಂತೆ! ಅದರ ನೆನಪಿಗೆ 2010ರಲ್ಲಿ ದೊಡ್ಡ ಚೌಕದಲ್ಲಿ ಒಂದು ಕಪ್ಪು ಕಲ್ಲಿನ ಗಡಿಯಾರ ನಿಲ್ಲಿಸಿದ್ದಾರೆ. ಹನ್ನೊಂದಕ್ಕೆ ಸರಿಯಾಗಿ ಅದರೊಳಗಿಂದ ಒಂದು ಗಾಜಿನ ಗೋಲಿ ಉರುಳಿ ಬರುತ್ತದೆ. ಯಾವ ತೂತಿನಿಂದ ಬರುತ್ತೋ ಗೊತ್ತಿರೋದಿಲ್ಲ, ಅದಕ್ಕೇ ಕೈ ಒಳಗಿಟ್ಟು ಕಾಯುತ್ತಾರೆ. ಸಿಕ್ಕವರಿಗೆ ಅದು ಅವರದೇ.

ಅಷ್ಟು ಹೊತ್ತಿಗೆ ಆಫೀಸಿನವರು ಊಟಕ್ಕೆ ಹೊರಡುತ್ತಾರೆ. ಅವರ ಹಿಂದೆಯೇ ಹೋಗಿ. ಹೊಸ್ಪೊದಾ, ಅಂದರೆ ಬಿಯರ್ ಅಂಗಡಿ, ಅಲ್ಲಿ ಮಧ್ಯಾಹ್ನಕ್ಕೆ ಕಡಿಮೆ ಬೆಲೆಯ ಸೂಪು, ಊಟ ಸಿಗುತ್ತದೆ. ಒಳಗೆ ಹೋಗುವಾಗ "ದೊಬ್ರೀ ದೆನ್", ಅಂದರೆ ನಮ್ಮ ನಮಸ್ಕಾರದ ಹಾಗೆ, ಅನ್ನಲೇಬೇಕು. ಎಷ್ಟೋ ಕಡೆ ಮೇಜಿನ ಮೇಲೆ ಒಂದು ಚೀಟಿ ಇಟ್ಟು, ಒಂದೊಂದು ಲೋಟ ಬಿಯರಿಗೂ ಒಂದೊಂದು ಗೀಟು ಹಾಕುತ್ತಾರೆ.

ಓಲೊಮೊತ್ಸ್ ಚಿಕ್ಕದು, ಶಾಂತ. 35 ಮೀಟರ್ ಎತ್ತರದ ಹೋಲಿ ಟ್ರಿನಿಟಿ (ಕ್ರೈಸ್ತರ ತ್ರಿಯೇಕ ದೇವರ) ಸ್ತಂಭ 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ನನಗೆ ಇಷ್ಟವಾಗಿದ್ದು ಅಲ್ಲಿನ ಗಡಿಯಾರ. 1945ರಲ್ಲಿ ಹಾಳಾಗಿದ್ದನ್ನು ಕಮ್ಯುನಿಸ್ಟ್ ಕಾಲದಲ್ಲಿ ಮತ್ತೆ ಕಟ್ಟಿದಾಗ ಸಂತರ ಬದಲು ಕಾರ್ಮಿಕರ ಗೊಂಬೆಗಳನ್ನು ಕೂರಿಸಿದರು. ಪ್ರಾಗಿನ ಗಡಿಯಾರದಷ್ಟು ಹೆಸರಿಲ್ಲ, ಆದರೆ ಆ ದೇಶದ ಹತ್ತಿರದ ಚರಿತ್ರೆ ಇದರಲ್ಲೇ ಜಾಸ್ತಿ ಕಾಣುತ್ತದೆ. ತ್ವರೂಷ್ಕಿ ಚೀಸ್ ಕೂಡ ತಿನ್ನಿ. ವಾಸನೆ ಜೋರು, ಈರುಳ್ಳಿ ಮತ್ತು ಬ್ರೆಡ್ ಜೊತೆ ರುಚಿ ತುಂಬಾ ಚೆನ್ನಾಗಿರುತ್ತದೆ.

ಒಂದೇ ಊರಿಗೆ ಸಮಯ ಇದ್ದರೆ ಬ್ರನೋ, ಎರಡಕ್ಕಾದರೆ ಓಲೊಮೊತ್ಸ್ ಸೇರಿಸಿ, ರೈಲಿನಲ್ಲಿ ಆರಾಮಾಗಿ ಹೋಗಿಬರಬಹುದು. ಶನಿವಾರ, ಭಾನುವಾರ ಮಾತ್ರ ಬೇಡ. ಶುಕ್ರವಾರ ಸಂಜೆಯೇ ಎಷ್ಟೋ ಜನ ಹಳ್ಳಿ ಕಡೆಯ ತಮ್ಮ ಪುಟ್ಟ ಮನೆಗಳಿಗೆ ಹೊರಟುಬಿಡುತ್ತಾರೆ.